ಮಡಿಕೇರಿಯಿಂದ ಕಡಲಿಗೆ ಸೈಕಲ್: ಸಂಪಾಜೆ, ಮಾಕುಟ್ಟ, ಕರಿಕೆ – ಯಾವ ದಾರಿ ಯಾರಿಗೆ?

ಮಳೆ ಬಿಟ್ಟು ರಸ್ತೆ ಬದಿಯ ಪಾಚಿ ಒಣಗಲು ಶುರುವಾದರೆ ಸಾಕು, ನನ್ನ ಫೋನಿಗೆ ಒಂದೇ ತರಹದ ಪ್ರಶ್ನೆ ಬರುತ್ತದೆ. "ಅಕ್ಕ, ಈ ಸಲ ಸೈಕಲ್‌ನಲ್ಲಿ ಸಮುದ್ರಕ್ಕೆ ಹೋಗ್ಬೇಕು ಅಂತಿದ್ದೀವಿ. ಯಾವ ಕಡೆ ಇಳಿಯೋದು?" ಕೇಳುವವರು ಹೆಚ್ಚಾಗಿ ಮಡಿಕೇರಿ, ವಿರಾಜಪೇಟೆ, ಕುಶಾಲನಗರದವರು. ಎಲ್ಲರಿಗೂ ಒಂದೇ ಉತ್ತರ ಸರಿಹೋಗುವುದಿಲ್ಲ. ಹಾಗಾಗಿ ಮೂರು ದಾರಿಗಳ ಬಗ್ಗೆಯೂ ನಾನು ತುಳಿದು ತಿಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ನಮ್ಮ ಕೊಡಗು ಜಿಲ್ಲೆಗೆ ಕಡಲಿಲ್ಲ, ರೈಲೂ ಇಲ್ಲ. ಆದರೆ ಪಡುವಣಕ್ಕೆ ಇಳಿಯುವ ಮೂರು ರಸ್ತೆಗಳಿವೆ. ಸಂಪಾಜೆ ಘಾಟಿ ಇಳಿದರೆ ಸುಳ್ಯ, ಪುತ್ತೂರು ದಾಟಿ ಮಂಗಳೂರು. ವಿರಾಜಪೇಟೆಯಿಂದ ಮಾಕುಟ್ಟ ಇಳಿದರೆ ಇರಿಟ್ಟಿ ದಾಟಿ ತಲಶ್ಶೇರಿ, ಕಣ್ಣೂರು. ಭಾಗಮಂಡಲದಿಂದ ಕರಿಕೆ ಇಳಿದರೆ ಪಾಣತ್ತೂರು ದಾಟಿ ಕಾಞಂಗಾಡ್, ಅಲ್ಲಿಂದ ಬೇಕಲ. ಮೂರೂ ಮುಟ್ಟುವುದು ಒಂದೇ ಸಮುದ್ರವನ್ನು. ಸಿಗುವ ಕೋಟೆ ಬೇರೆ, ರಸ್ತೆ ಬೇರೆ, ಊಟ ಬೇರೆ. ವಾಪಸ್ ಹತ್ತುವ ಕಷ್ಟವಂತೂ ಪೂರ್ತಿ ಬೇರೆ.

ಹೆಚ್ಚಿನವರು ಇಳಿಯುವ ದಾರಿ ನೋಡಿ ತೀರ್ಮಾನ ಮಾಡುತ್ತಾರೆ. ನಾನು ಹೇಳುವುದು, ಹತ್ತುವ ದಾರಿಯನ್ನು ಮೊದಲು ನೋಡಿ. ಮಡಿಕೇರಿ ಇರುವುದು ಸಮುದ್ರ ಮಟ್ಟದಿಂದ ಸುಮಾರು 1,150 ಮೀಟರ್ ಮೇಲೆ. ಇಳಿದಷ್ಟನ್ನೂ ಹತ್ತಬೇಕು. ಇಲ್ಲ ಅಂದರೆ ಸೈಕಲ್ ಹೇರಿಕೊಂಡು ಬರಲು ಪಿಕಪ್ ಹೇಳಿಡಬೇಕು. ಬಸ್ಸನ್ನು ನಂಬಿಕೊಂಡು ಹೋಗಬೇಡಿ. ಈಗಿನ ಎಷ್ಟೋ ಬಸ್ಸುಗಳ ಮೇಲೆ ಕ್ಯಾರಿಯರ್ ಇರುವುದಿಲ್ಲ. ಡಿಕ್ಕಿಯಲ್ಲಿ ಹಾಕಿಸುವುದು ಕಂಡಕ್ಟರ್ ಮನಸ್ಸಿಗೆ ಬಿಟ್ಟದ್ದು. ವಾಪಸ್ ಬರುವುದು ಹೇಗೆ ಅಂತ ಗೊತ್ತಾದರೆ ಅರ್ಧ ತೀರ್ಮಾನ ಆದ ಹಾಗೆ.

ಮಾಕುಟ್ಟ: ಮೊದಲ ಸಲ ಹೋಗುವವರಿಗೆ

ವಿರಾಜಪೇಟೆಯಿಂದ ತಲಶ್ಶೇರಿಗೆ ಸುಮಾರು 80 ಕಿ.ಮೀ. ಬೆಳಿಗ್ಗೆ ಹೊರಟರೆ ಆರಾಮಾಗಿ ಹೋಗುವವರೂ ಸಂಜೆಯೊಳಗೆ ಅಲೆ ನೋಡಬಹುದು. ಹಾಗಾಗಿ ಮಕ್ಕಳನ್ನು ಕರೆದುಕೊಂಡು ಹೋಗುವವರಿಗೆ, ಎರಡೇ ದಿನ ರಜೆ ಇರುವವರಿಗೆ ನಾನು ಇದನ್ನೇ ಹೇಳುವುದು.

ಪೆರುಂಬಾಡಿ ದಾಟಿದ ಮೇಲೆ ಕಾಡು. ಎರಡೂ ಬದಿಯ ಮರಗಳು ಮೇಲೆ ಸೇರಿಕೊಂಡು ರಸ್ತೆಗೆ ಬಿಸಿಲೇ ಬೀಳುವುದಿಲ್ಲ. ನವೆಂಬರ್‌ನಲ್ಲೂ ತಿರುವುಗಳು ಒದ್ದೆ ಇರುತ್ತವೆ. ಒದ್ದೆ ಎಲೆ ಮೇಲೆ ಮುಂದಿನ ಬ್ರೇಕ್ ಹಿಡಿದರೆ ಚಕ್ರ ಜಾರುತ್ತದೆ, ಜೋಪಾನ. ಆನೆ ಓಡಾಡುವ ಜಾಗ ಇದು. ಬೆಳಿಗ್ಗೆ ಎಂಟರ ಮೊದಲು, ಸಂಜೆ ನಾಲ್ಕರ ನಂತರ ಇಲ್ಲಿ ಸೈಕಲ್ ಬೇಡ. ರಸ್ತೆ ಮೇಲೆ ಹಸಿ ಲದ್ದಿ ಕಂಡರೆ ಹಿಂದಿನಿಂದ ಕಾರೋ ಜೀಪೋ ಬರುವ ತನಕ ನಿಂತು, ಅದರ ಜೊತೆಗೇ ಇಳಿಯಿರಿ. ಕೂಟುಪುಳ ಸೇತುವೆ ದಾಟಿದರೆ ಕೇರಳ. ಇರಿಟ್ಟಿಯಲ್ಲಿ ಬಿಸಿ ಬಿಸಿ ಪಳಂಪೊರಿ (ಬಾಳೆಹಣ್ಣಿನ ಬಜ್ಜಿ), ಕಟ್ಟಂ ಚಾಯ (ಹಾಲಿಲ್ಲದ ಚಹಾ). ಅಲ್ಲಿಂದ ಮುಂದೆ ಮಟ್ಟನ್ನೂರು, ಕೂತುಪರಂಬ. ಬರೀ ಇಳಿಜಾರು ಅಂದುಕೊಂಡವರಿಗೆ ಇಲ್ಲಿ ಕಾಲು ಸೋಲುತ್ತದೆ. ಮುರಕಲ್ಲಿನ ದಿಣ್ಣೆಗಳು ಒಂದಾದ ಮೇಲೊಂದು, ಹತ್ತಿ ಇಳಿದು ಹತ್ತಿ ಇಳಿದು ಹೋಗಬೇಕು.

ಈ ದಾರಿಗೂ ವಿರಾಜಪೇಟೆಗೂ ಇರುವ ನಂಟು ಎಷ್ಟೋ ಜನಕ್ಕೆ ಗೊತ್ತಿಲ್ಲ. 1790ರ ಡಿಸೆಂಬರ್‌ನಲ್ಲಿ ಬ್ರಿಟಿಷರ ಬಾಂಬೆ ಸೈನ್ಯ ಜನರಲ್ ಅಬರ್‌ಕ್ರೋಂಬಿಯ ಕೈಕೆಳಗೆ ಕಣ್ಣೂರನ್ನು ಹಿಡಿಯಿತು. ಮರುವರ್ಷ ಅದೇ ಸೈನ್ಯ ಟಿಪ್ಪುವಿನ ಶ್ರೀರಂಗಪಟ್ಟಣದ ಕಡೆಗೆ ಹೊರಟು ಕೊಡಗಿನ ಘಟ್ಟ ಹತ್ತಿತು. ಆಗ ಕೊಡಗಿನ ಅರಸ ದೊಡ್ಡ ವೀರರಾಜೇಂದ್ರ ಆ ಜನರಲ್‌ನನ್ನು ಭೇಟಿಯಾದ. ಆ ಭೇಟಿಯ ನೆನಪಿಗೆ 1792ರಲ್ಲಿ ಕಟ್ಟಿಸಿದ ಪೇಟೆಯೇ ವಿರಾಜಪೇಟೆ. ಅಂದರೆ ಸಮುದ್ರದಿಂದ ಬಂದ ದಾರಿಯೇ ಆ ಊರನ್ನು ಹುಟ್ಟಿಸಿತು. ಫಿರಂಗಿ ಎಳೆದುಕೊಂಡು ಆ ಸೈನ್ಯ ಹತ್ತಿದ ಬೆಟ್ಟದ ಸಾಲನ್ನೇ ನಾವು ಸೈಕಲ್‌ನಲ್ಲಿ ಇಳಿಯುತ್ತೇವೆ.

ಕಣ್ಣೂರಿನ ಸಂತ ಏಂಜೆಲೋ ಕೋಟೆಗೆ ಸಂಜೆ ಹೋಗಿ. 1505ರಲ್ಲಿ ಪೋರ್ಚುಗೀಸರ ಮೊದಲ ವೈಸರಾಯ್ ಅಲ್ಮೇಡ ಕಟ್ಟಿಸಿದ್ದು. 1663ರಲ್ಲಿ ಡಚ್ಚರ ಕೈಗೆ ಹೋಯಿತು. 1772ರಲ್ಲಿ ಅವರು ಅದನ್ನು ಅರಕ್ಕಲ್ ಮನೆತನದ ಆಲಿ ರಾಜನಿಗೆ ಮಾರಿದರು. ಆಮೇಲೆ ಬ್ರಿಟಿಷರು. ಕೆಂಪು ಮುರಕಲ್ಲಿನ ಗೋಡೆ ಹತ್ತಿ ನಿಂತರೆ ಕೆಳಗೆ ಮೀನುಗಾರಿಕೆ ಬಂದರು. ಸಾಲಾಗಿ ನಿಂತ ದೋಣಿಗಳ ಬಣ್ಣ ಇಳಿಬಿಸಿಲಿಗೆ ಎಷ್ಟು ಚೆಂದ ಕಾಣುತ್ತದೆ ಅಂದರೆ, ಎದ್ದು ಹೊರಡಲು ಮನಸ್ಸೇ ಬರುವುದಿಲ್ಲ.

ತಲಶ್ಶೇರಿ ಕೋಟೆ ಚಿಕ್ಕದು, ಅರ್ಧ ಗಂಟೆ ಸಾಕು. ಆದರೆ ತೋಟದವರು ನೋಡಲೇಬೇಕು. 1708ರಲ್ಲಿ ಈಸ್ಟ್ ಇಂಡಿಯಾ ಕಂಪನಿ ಅದನ್ನು ಕಟ್ಟಿದ್ದು ಕರಿಮೆಣಸಿನ ವ್ಯಾಪಾರ ಕಾಯಲು. ನಮ್ಮ ಬೆಟ್ಟದ ಕಾಫಿ, ಮೆಣಸು ಹಡಗು ಹತ್ತುತ್ತಿದ್ದ ಊರುಗಳಲ್ಲಿ ಇದೂ ಒಂದು.

ಎರಡೂ ಊರಿನ ನಡುವೆ ಮುಳಪ್ಪಿಲಂಗಾಡ್ ಬೀಚ್ ಇದೆ. ಸುಮಾರು 4 ಕಿ.ಮೀ. ಉದ್ದ, ಮರಳು ಎಷ್ಟು ಗಟ್ಟಿ ಅಂದರೆ ಕಾರೇ ಓಡಿಸುತ್ತಾರೆ. ಅಲೆ ಈಗಷ್ಟೇ ಹಿಂದೆ ಸರಿದ ಕಂದು ಪಟ್ಟಿ ಇರುತ್ತದಲ್ಲ, ಅದರ ಮೇಲೆ ಸೈಕಲ್ ಹೊಡೆಯಬೇಕು. ಟೈರ್ ಕೆಳಗೆ ಸಣ್ಣಗೆ ಕರಕರ ಸದ್ದು. ಚಕ್ರ ಒತ್ತಿದ ಜಾಗ ಒಂದು ಕ್ಷಣ ಒಣಗಿದ ಹಾಗೆ ಬೆಳ್ಳಗಾಗಿ, ಮತ್ತೆ ನೀರು ತುಂಬಿಕೊಂಡು ಕಪ್ಪಾಗುತ್ತದೆ. ತಿರುಗಿ ನೋಡಿದರೆ ನಮ್ಮ ಗುರುತೇ ಇರುವುದಿಲ್ಲ. ಅಲ್ಲಿಂದ ಎರಡು ಮಾರು ಮೇಲೆ ಒಣ ಮರಳಿಗೆ ಬಂದರೆ ಚಕ್ರ ಹೂತು ನಿಂತುಬಿಡುತ್ತದೆ. ಮೊದಲ ಸಲ ಅಲ್ಲಿ ಹೊಡೆದ ಮೇಲೆ ಚೈನ್ ತೊಳೆಯುವುದು ನನಗೆ ಗೊತ್ತಿರಲಿಲ್ಲ. ಮೂರನೇ ದಿನಕ್ಕೆ ಪೂರಾ ಕೆಂಪು ತುಕ್ಕು. ಆವತ್ತೇ ರಾತ್ರಿ ಸಿಹಿನೀರಲ್ಲಿ ತೊಳೆದು, ಒರೆಸಿ, ಎಣ್ಣೆ ಬಿಡಿ.

ಇನ್ನೊಂದು ದಿನ ಸಿಕ್ಕರೆ ತಲಶ್ಶೇರಿಯಿಂದ ದಕ್ಷಿಣಕ್ಕೆ ಹತ್ತು ಕಿ.ಮೀ. ಒಳಗೇ ಮಾಹೆ. 1954ರವರೆಗೆ ಫ್ರೆಂಚರ ಕೈಲಿದ್ದ ಪುಟ್ಟ ಊರು. ಹೊಳೆ ಬದಿಯ ನಡೆದಾರಿಯಲ್ಲಿ ಸೈಕಲ್ ತಳ್ಳಿಕೊಂಡು ಅಡ್ಡಾಡಿ ಬನ್ನಿ. ಊಟಕ್ಕೆ ತಲಶ್ಶೇರಿ ಬಿರಿಯಾನಿ ಇದ್ದೇ ಇದೆ. ಸಣ್ಣಕ್ಕಿಯದು, ತಿಂದ ಮೇಲೂ ಹೊಟ್ಟೆ ಭಾರ ಅನ್ನಿಸುವುದಿಲ್ಲ.

ಈ ದಾರಿಯ ತೊಂದರೆ ವಾಪಸ್ ಬರುವಾಗ. ಮಾಕುಟ್ಟ ಹತ್ತುವುದು ಕಡಿದು. ಕಾಡಲ್ಲಿ ನೀರು ಕೇಳಲೂ ಮನೆ ಇಲ್ಲ. ಮಕ್ಕಳಿದ್ದರೆ ಪಿಕಪ್ ಹೇಳಿಡಿ, ಇದರಲ್ಲಿ ಎರಡು ಮಾತಿಲ್ಲ.

ಸಂಪಾಜೆ: ಉದ್ದದ ಪ್ರವಾಸ ಬೇಕಾದವರಿಗೆ

ಮಡಿಕೇರಿಯಿಂದ ಮಂಗಳೂರಿಗೆ ಸುಮಾರು 140 ಕಿ.ಮೀ. ಘಾಟಿಯ ಇಳಿಜಾರು ಮೂರರಲ್ಲಿ ಹದವಾದದ್ದು. ದಾರಿಯುದ್ದಕ್ಕೂ ಊರು, ಅಂಗಡಿ, ಗ್ಯಾರೇಜ್ ಎಲ್ಲ ಸಿಗುತ್ತದೆ. ಆದರೆ ಹೆದ್ದಾರಿ. ಲಾರಿ, ಬಸ್ಸು, ವೀಕೆಂಡ್ ಕಾರುಗಳು. ಶನಿವಾರ ಭಾನುವಾರ ಇಳಿಯಲೇಬೇಡಿ. ವಾರದ ಮಧ್ಯೆ, ಬೆಳಕು ಹರಿದ ಕೂಡಲೇ ಹೊರಟರೆ ಹತ್ತು ಗಂಟೆಯೊಳಗೆ ಸುಳ್ಯ ಮುಟ್ಟಿಬಿಡಬಹುದು. 2018ರ ಆಗಸ್ಟ್‌ನಲ್ಲಿ ಮದೆನಾಡು, ಜೋಡುಪಾಲದ ಹತ್ತಿರ ಬೆಟ್ಟವೇ ಜಾರಿ ಬಂದದ್ದು ನಮಗ್ಯಾರಿಗೂ ಮರೆತಿಲ್ಲ. ಆ ಜಾಗ ದಾಟುವಾಗ ಈಗಲೂ ನಾನು ಮಾತು ನಿಲ್ಲಿಸುತ್ತೇನೆ. ಮಳೆಗಾಲದಲ್ಲಿ ಈ ಮೂರು ಘಟ್ಟದಲ್ಲೂ ಸೈಕಲ್ ಬೇಡ ಅನ್ನುವುದು ಅದಕ್ಕೇ.

ನನ್ನ ಹಳೇ ಸೈಕಲ್‌ಗೆ ರಿಮ್ ಬ್ರೇಕ್ ಇತ್ತು. ಹಿಂದೆ ಲಗೇಜ್ ಬೇರೆ. ಜೋಡುಪಾಲಕ್ಕೆ ಮೊದಲು ಲಾರಿ ಹಿಂದೆ ಸಿಕ್ಕಿಕೊಂಡು ನಾಲ್ಕೈದು ತಿರುವು ಬ್ರೇಕ್ ಬಿಡದೆ ಹಿಡಿದುಕೊಂಡೇ ಇಳಿದೆ. ರಿಮ್ ಕಾದು ಮುಂದಿನ ಟ್ಯೂಬ್ ಢಮ್ ಅಂತ ಒಡೆಯಿತು. ಪುಣ್ಯಕ್ಕೆ ನಿಧಾನ ಇದ್ದೆ, ಚರಂಡಿ ಬದಿಗೆ ಹೋಗಿ ನಿಂತೆ. ಮೇಲಿನ ಮನೆಯಿಂದ ಒಬ್ಬರು ಅಜ್ಜಿ ಚೊಂಬಲ್ಲಿ ನೀರು ಹಿಡಿದುಕೊಂಡು ಬಂದರು. ನಾನು ಕುಡಿಯುವ ಮೊದಲು ಅರ್ಧ ನೀರನ್ನು ಚಕ್ರದ ಮೇಲೆ ಹೊಯ್ದರು. ಚುಂಯ್ ಅಂದಿತು. "ಅದಕ್ಕೂ ಬಾಯಾರಿಕೆ ಮಗಳೇ, ಸ್ವಲ್ಪ ಕೂತು ಹೋಗು" ಅಂದರು. ಅವತ್ತಿನಿಂದ ಎರಡು ತಿರುವಿಗೊಮ್ಮೆ ನಿಂತು ರಿಮ್ ಮುಟ್ಟಿ ನೋಡುವುದು ಅಭ್ಯಾಸ. ಬ್ರೇಕನ್ನು ಹಿಡಿದುಕೊಂಡೇ ಇರಬೇಡಿ. ತಿರುವಿಗೆ ಮೊದಲು ಗಟ್ಟಿಯಾಗಿ ಒತ್ತಿ, ಆಮೇಲೆ ಪೂರ್ತಿ ಬಿಡಿ. ಡಿಸ್ಕ್ ಬ್ರೇಕ್ ಇದ್ದರೆ ಒಳ್ಳೆಯದು. ಹೊರಡುವ ಮೊದಲು ಪ್ಯಾಡ್ ನೋಡಿಸಿಕೊಳ್ಳಿ.

ಇನ್ನು ಈ ದಾರಿಯ ಇತಿಹಾಸ. 1834ರಲ್ಲಿ ಕೊಡಗಿನ ಕೊನೆಯ ಅರಸ ಚಿಕ್ಕ ವೀರರಾಜನನ್ನು ಪಟ್ಟದಿಂದ ಇಳಿಸಿದ ಮೇಲೆ ಬ್ರಿಟಿಷರು ಕೊಡಗಿಗೆ ಸೇರಿದ್ದ ಅಮರಸುಳ್ಯ, ಪುತ್ತೂರು ಸೀಮೆಗಳನ್ನು ಕೆನರಾಕ್ಕೆ ಸೇರಿಸಿದರು. ಅರಸರ ಕಾಲದಲ್ಲಿ ಬೆಳೆದದ್ದನ್ನೇ ಕಂದಾಯವಾಗಿ ಕೊಡುತ್ತಿದ್ದ ರೈತರು ಈಗ ರೊಕ್ಕ ಎಣಿಸಬೇಕಾಯಿತು. 1837ರಲ್ಲಿ ಸುಳ್ಯದಲ್ಲಿ ದಂಗೆ ಎದ್ದಿತು. ಕೆದಂಬಾಡಿ ರಾಮಯ್ಯ ಗೌಡರ ಮುಂದಾಳತ್ವದಲ್ಲಿ ರೈತರು ಘಟ್ಟದ ಬುಡದಿಂದ ಮಂಗಳೂರಿಗೆ ನಡೆದರು. ಬಾವುಟಗುಡ್ಡದಲ್ಲಿ ತಮ್ಮ ಬಾವುಟ ಹಾರಿಸಿ 13 ದಿನ ಊರನ್ನು ಕೈಯಲ್ಲಿ ಇಟ್ಟುಕೊಂಡರು. 2022ರಲ್ಲಿ ಅದೇ ಗುಡ್ಡದ ಮೇಲೆ ರಾಮಯ್ಯ ಗೌಡರ ಪ್ರತಿಮೆ ನಿಂತಿತು. ಮಂಗಳೂರಿಗೆ ಸೈಕಲ್‌ನಲ್ಲಿ ಹೋದವರು ಮಾಲ್ ಕಡೆ ತಿರುಗುವ ಮೊದಲು ಆ ಗುಡ್ಡ ಹತ್ತಿ. ಹಗಲೆಲ್ಲ ಸೈಕಲ್ ತುಳಿದು ಬಂದವರಿಗೆ ಅವರು ನಡೆದ ದೂರ ಎಷ್ಟು ಅಂತ ಕಾಲಿಗೇ ಗೊತ್ತಾಗಿರುತ್ತದೆ.

ಮಂಗಳೂರಲ್ಲಿ ಸುಲ್ತಾನ್ ಬತ್ತೇರಿ ನೋಡಿ. ಗುರುಪುರ ನದಿಗೆ ಶತ್ರು ಹಡಗು ನುಗ್ಗದಂತೆ ಕಾಯಲು 1784ರಲ್ಲಿ ಟಿಪ್ಪು ಕಟ್ಟಿಸಿದ ಕಪ್ಪು ಕಲ್ಲಿನ ಬುರುಜು. ಅಲ್ಲಿಂದ ಉತ್ತರಕ್ಕೆ ಹೆದ್ದಾರಿಯಲ್ಲಿ ಹೋದರೆ ಲಾರಿ ಬಿಟ್ಟು ಬೇರೇನೂ ಕಾಣುವುದಿಲ್ಲ. ಹೆಜಮಾಡಿ ಹತ್ತಿರ ಎಡಕ್ಕೆ ತಿರುಗಿ, ಮೀನುಗಾರರ ಮನೆಗಳ ನಡುವಿನ ಬೀಚ್ ರಸ್ತೆ ಹಿಡಿಯಿರಿ. ಆಗಾಗ ಒಳಗಿನ ದಾರಿಗೆ ಬರಬೇಕಾಗುತ್ತದೆ, ಆದರೂ ಕಾಪು ತನಕ, ಅಲ್ಲಿಂದ ಮಲ್ಪೆ ತನಕ ಸಮುದ್ರ ಹೆಚ್ಚು ದೂರ ಹೋಗುವುದಿಲ್ಲ. ಕಾಪುವಿನಲ್ಲಿ ಬಂಡೆ ಮೇಲೆ 1901ರ ದೀಪಸ್ತಂಭ. ಇನ್ನೂ ಉತ್ತರಕ್ಕೆ, ಕುಂದಾಪುರ ದಾಟಿದರೆ ಮರವಂತೆ. ಎಡಕ್ಕೆ ಸಮುದ್ರ, ಬಲಕ್ಕೆ ಸೌಪರ್ಣಿಕಾ, ನಡುವೆ ನೀವು. ಅಲ್ಲಿ ಹೆದ್ದಾರಿಯೇ ಗತಿ, ಹಾಗಾಗಿ ಬೆಳಗಿನ ಜಾವ ದಾಟಿ. ಇಷ್ಟೆಲ್ಲ ಮಾಡಲು ಐದು ದಿನ ಬೇಕು. ಎರಡು ದಿನಕ್ಕೆ ಇದನ್ನು ಹಿಡಿಯಬೇಡಿ, ಹೆದ್ದಾರಿ ಹೊಗೆ ಕುಡಿದು ಬರುವುದಷ್ಟೇ ಆಗುತ್ತದೆ.

ಕರಿಕೆ: ನನ್ನ ಆಯ್ಕೆ

ಮೂರರಲ್ಲಿ ಯಾವುದು ಇಷ್ಟ ಅಂತ ಕೇಳಿದರೆ ನಾನು ಯೋಚನೆ ಮಾಡದೆ ಹೇಳುವುದು ಇದನ್ನೇ. ಆದರೆ ಎಲ್ಲರಿಗೂ ಹೇಳುವುದಿಲ್ಲ. ಭಾಗಮಂಡಲ ಬಿಟ್ಟರೆ ಕರಿಕೆ ತನಕ ಕಾಡೇ ಕಾಡು. ರಸ್ತೆ ಕಿರಿದು. ಎದುರಿಗೆ ಬಸ್ಸು ಬಂದರೆ ಸೈಕಲ್ ಇಳಿದು ದರೆಗೆ ಒರಗಿ ನಿಲ್ಲಬೇಕು. ಫೋನ್ ಸಿಗ್ನಲ್ ನಂಬಬೇಡಿ. ನವೆಂಬರ್ ತನಕ ಜಿಗಣೆ ಕಾಟ ಇರುತ್ತದೆ. ಪಂಕ್ಚರ್ ಹಾಕಲು ಬರದವರು, ಒಬ್ಬರೇ ಹೋಗುವವರು ಈ ದಾರಿ ಬಿಡಿ. ಕನಿಷ್ಠ ಮೂರು ಜನ ಇರಲಿ. ಎರಡು ಟ್ಯೂಬ್, ಪಂಪ್, ಚೈನ್ ಜೋಡಿಸುವ ಟೂಲ್, ಎರಡು ಲೀಟರ್ ನೀರು, ಬಾಳೆಹಣ್ಣು ಇಟ್ಟುಕೊಳ್ಳಿ. ಆನೆಯ ವಿಷಯದಲ್ಲಿ ಮಾಕುಟ್ಟಕ್ಕೆ ಹೇಳಿದ್ದೇ ಇಲ್ಲಿಗೂ.

ಇಷ್ಟು ಕಷ್ಟಕ್ಕೆ ಸಿಗುವುದೇನು? ನಿಶ್ಶಬ್ದ. ಒಂದೊಂದು ಸಲ ಅರ್ಧ ಗಂಟೆಯಲ್ಲಿ ಒಂದೇ ಒಂದು ಗಾಡಿ. ಮಿಕ್ಕ ಹೊತ್ತೆಲ್ಲ ತೊರೆ ಸದ್ದು, ಜೀರುಂಡೆ ಸದ್ದು, ನಮ್ಮ ಚಕ್ರದ ಟಿಕ್ ಟಿಕ್. ಪಾಣತ್ತೂರಿಗೆ ಬರುವಾಗ ಗಾಳಿ ಬಿಸಿಯಾಗಿ, ಕಾಫಿ ಹೋಗಿ ರಬ್ಬರ್ ತೋಟ ಬಂದಿರುತ್ತದೆ. ಅಲ್ಲಿಂದ ಕಾಞಂಗಾಡ್‌ಗೆ ಸುಮಾರು 40 ಕಿ.ಮೀ. ಒಳ್ಳೆ ರಸ್ತೆ, ಏರಿಳಿತ ಇದೆ. ಮೊದಲ ದಿನ ಭಾಗಮಂಡಲದಲ್ಲಿ ಉಳಿದುಕೊಂಡರೆ ಎರಡನೇ ದಿನ ಇದು ಭಾರ ಆಗುವುದಿಲ್ಲ.

ಕಾಞಂಗಾಡ್‌ನಿಂದ ಬೇಕಲಕ್ಕೆ ಹತ್ತು ಹನ್ನೆರಡು ಕಿ.ಮೀ. ಅಷ್ಟೇ. ಸುಮಾರು 40 ಎಕರೆಯ ಕೋಟೆ, ಕೇರಳದಲ್ಲೇ ದೊಡ್ಡದು. ಕಟ್ಟಿಸಿದವನು ಕೆಳದಿಯ ಶಿವಪ್ಪ ನಾಯಕ, ಸುಮಾರು 1650ರಲ್ಲಿ. ಕೊಡಗನ್ನಾಳಿದ ನಮ್ಮ ಹಾಲೇರಿ ಅರಸರನ್ನು ಕೆಳದಿ ಮನೆತನದ ಕವಲು ಅಂತಲೇ ಹೇಳುತ್ತಾರೆ. ಮಡಿಕೇರಿ ಕೋಟೆಯ ನೆರಳಲ್ಲಿ ಬೆಳೆದ ನನಗೆ ಬೇಕಲದ ಗೋಡೆ ಮುಟ್ಟಿದಾಗ ಬೇರೆ ರಾಜ್ಯಕ್ಕೆ ಬಂದೆ ಅನ್ನಿಸಲಿಲ್ಲ, ದಾಯಾದಿಗಳ ಮನೆಗೆ ಬಂದ ಹಾಗಿತ್ತು. 1956ರಲ್ಲಿ ರಾಜ್ಯಗಳು ಭಾಗವಾಗುವ ತನಕ ಈ ನೆಲ ದಕ್ಷಿಣ ಕನ್ನಡ ಜಿಲ್ಲೆಯಲ್ಲೇ ಇತ್ತು. ಕಾಸರಗೋಡು ಕಡೆಗೆ ಹೋದಂತೆ ಅಂಗಡಿಗಳಲ್ಲಿ ಕನ್ನಡದಲ್ಲೇ ಉತ್ತರ ಕೊಡುವವರು ಸಿಗುತ್ತಾರೆ.

ಬೇಕಲದಲ್ಲಿ ಅವಸರ ಮಾಡಬೇಡಿ. ಸೈಕಲ್ ಹೊರಗೆ ಬೀಗ ಹಾಕಿ, ಎಳನೀರಿನವರಿಗೆ ಒಂದು ಮಾತು ಹೇಳಿ ಹೋಗಿ. ಬಾಗಿಲಲ್ಲಿ ಮುಖ್ಯಪ್ರಾಣ ದೇವರ ಗುಡಿ. ಒಳಗೆ ಮೆಟ್ಟಿಲಿನ ಕೆರೆ, ನಡುವೆ ಎತ್ತರದ ಕಾವಲು ಬುರುಜು. ನನಗೆ ಅಲ್ಲಿ ಎಲ್ಲಕ್ಕಿಂತ ಇಷ್ಟವಾದದ್ದು ಹೊರಗೋಡೆಯ ಕಿಂಡಿಗಳು. ಬಂದೂಕು ಇಡಲು ಮಾಡಿದ್ದು. ಮೇಲಿನ ಕಿಂಡಿ ದೂರದ ಶತ್ರುವಿಗೆ, ಕೆಳಗಿನದು ಹತ್ತಿರ ಬಂದವನಿಗೆ, ಇನ್ನೂ ಕೆಳಗಿನದು ಗೋಡೆ ಬುಡಕ್ಕೆ ಬಂದವನಿಗೆ. ಮಂಡಿಯೂರಿ ಕೂತು ಒಂದೊಂದರಲ್ಲೂ ಕಣ್ಣಿಟ್ಟು ನೋಡಿ. ಮೇಲಿನದರಲ್ಲಿ ಬರೀ ನೀಲಿ. ನಡುವಿನದರಲ್ಲಿ ಅಲೆ ಒಡೆಯುವ ಬಿಳಿ ಗೆರೆ. ಕೆಳಗಿನದರಲ್ಲಿ ಕಪ್ಪು ಬಂಡೆ. ಕೆನ್ನೆಗೆ ತಾಗುವ ಮುರಕಲ್ಲು ಮಧ್ಯಾಹ್ನದ ಬಿಸಿಲಲ್ಲೂ ತಣ್ಣಗೆ, ಬೆರಳಾಡಿಸಿದರೆ ಉಪ್ಪಿನ ಪುಡಿ ಹತ್ತುತ್ತದೆ.

ವಾಪಸ್ ಬರಲು ಕರಿಕೆ ಹತ್ತಬೇಡಿ. ಬೇಕಲದಿಂದ ಉತ್ತರಕ್ಕೆ ಕಾಸರಗೋಡಿಗೆ 16 ಕಿ.ಮೀ. ಹೆದ್ದಾರಿ ಬಿಟ್ಟು ಸಮುದ್ರದ ಹತ್ತಿರದ ರಸ್ತೆಯಲ್ಲೇ ಬನ್ನಿ. ಊರಿಗೆ ಮೊದಲು ಚಂದ್ರಗಿರಿ ಸೇತುವೆ ಸಿಗುತ್ತದೆ. ಹತ್ತಿರದಲ್ಲೇ ಚಂದ್ರಗಿರಿ ಕೋಟೆ, ಅದೂ ಶಿವಪ್ಪ ನಾಯಕನದೇ. ಆ ಸೇತುವೆ ಮೇಲೆ ನಿಂತು ಕೆಳಗೆ ನೋಡಿ. ಅದು ನಮ್ಮ ಪಯಸ್ವಿನಿ. ಕೊಡಗಿನ ಬೆಟ್ಟದಲ್ಲಿ ಹುಟ್ಟಿ, ಸಂಪಾಜೆ, ಸುಳ್ಯದಲ್ಲಿ ಹರಿದು, ಇಲ್ಲಿ ಚಂದ್ರಗಿರಿ ಅಂತ ಹೆಸರು ಬದಲಿಸಿಕೊಂಡು ಸಮುದ್ರ ಸೇರುತ್ತದೆ. ಅದರ ಜೊತೆಗೇ ಮೇಲಕ್ಕೆ ಹೋಗಿ. ಕಾಸರಗೋಡಿನಿಂದ ಚೆರ್ಕಳ, ಮುಳ್ಳೇರಿಯ, ಜಾಲ್ಸೂರು ಮೇಲೆ ಸುಳ್ಯಕ್ಕೆ ಸುಮಾರು 60 ಕಿ.ಮೀ. ಮರುದಿನ ಸಂಪಾಜೆ ಘಾಟಿ. ಇಳಿದದ್ದು ನಿಶ್ಶಬ್ದದ ಘಟ್ಟ, ಹತ್ತುವುದು ಹದವಾದ ಘಟ್ಟ. ಒಟ್ಟು ಸುಮಾರು 250 ಕಿ.ಮೀ., ನಾಲ್ಕು ದಿನ. ಪಿಕಪ್ ಬೇಡ, ಬಸ್ ಬೇಡ.

ಹೊತ್ತು, ಗಾಳಿ

ಅಕ್ಟೋಬರ್ ನಡುವಿಗೆ ತುಲಾ ಸಂಕ್ರಮಣ ಬರುತ್ತದೆ, ಭಾಗಮಂಡಲ ತುಂಬಿ ತುಳುಕುತ್ತಿರುತ್ತದೆ. ಆಗ ಕರಿಕೆ ದಾರಿ ಬೇಡ. ಡಿಸೆಂಬರ್ ಕೊನೆಗೆ ಕಾಫಿ ಕೊಯ್ಲಿನ ಗಾಡಿಗಳು ಜಾಸ್ತಿ. ನನ್ನ ಲೆಕ್ಕದಲ್ಲಿ ನವೆಂಬರ್ ಮೊದಲ ವಾರದಿಂದ ನಮ್ಮ ಸುಗ್ಗಿ ಹಬ್ಬ ಹುತ್ತರಿಯ ಆಸುಪಾಸಿನವರೆಗೆ ಒಳ್ಳೆ ಸಮಯ. ಫೆಬ್ರವರಿ ದಾಟಿದರೆ ಕರಾವಳಿಯ ಸೆಕೆ ನಮ್ಮಂಥ ಬೆಟ್ಟದವರಿಗೆ ತಡೆಯುವುದಿಲ್ಲ.

ಆ ದಿನಗಳಲ್ಲಿ ಮಧ್ಯಾಹ್ನದ ಮೇಲೆ ಸಮುದ್ರದ ಗಾಳಿ ವಾಯವ್ಯದಿಂದ ಬೀಸುತ್ತದೆ. ಬೇಕಲದಿಂದ ಕಣ್ಣೂರಿಗೆ ಹೋಗುವವರಿಗೆ ಅದು ಬೆನ್ನಿಗೆ. ಮಂಗಳೂರಿನಿಂದ ಉಡುಪಿಗೆ ಹೋಗುವವರಿಗೆ ಎದುರಿಗೆ. ಉತ್ತರಕ್ಕೆ ಹೋಗುವುದಿದ್ದರೆ ಹನ್ನೊಂದು ಗಂಟೆಯೊಳಗೆ ದಿನದ ಸವಾರಿ ಮುಗಿಸಿಬಿಡಿ.

ಸುಳ್ಯದಿಂದ ಹತ್ತುವ ದಿನ ಬೆಳಿಗ್ಗೆ ಆರಕ್ಕೇ ಹೊರಡಿ. ಸಂಪಾಜೆಯಲ್ಲಿ ತಿಂಡಿ ತಿಂದು, ಚಿಕ್ಕ ಗೇರಿಗೆ ಹಾಕಿ, ಮಾತಾಡಲು ಉಸಿರು ಉಳಿಯುವಷ್ಟು ನಿಧಾನಕ್ಕೆ ತುಳಿಯಿರಿ. ಮಧ್ಯಾಹ್ನದ ಹೊತ್ತಿಗೆ ಮಡಿಕೇರಿ. ಸುಸ್ತಾಗಿದ್ದರೂ ಮನೆಗೆ ಹೋಗುವ ಮೊದಲು ಕೋಟೆ ತನಕ ತುಳಿಯಿರಿ. ಆ ಮಂಗಳೂರು ದಂಗೆಯವರಲ್ಲಿ ಒಬ್ಬರಾದ ಗುಡ್ಡೆಮನೆ ಅಪ್ಪಯ್ಯ ಗೌಡರನ್ನು 1837ರ ಅಕ್ಟೋಬರ್ 31ರಂದು ಗಲ್ಲಿಗೆ ಹಾಕಿದ್ದು ಇಲ್ಲೇ. ನಾನು ಪ್ರತಿ ಸಲವೂ ಆ ಕೋಟೆ ಬಾಗಿಲಲ್ಲಿ ಸೈಕಲ್ ಒರಗಿಸಿ, ಬಾಟಲಿಯಲ್ಲಿ ಉಳಿದ ಸುಳ್ಯದ ನೀರು ಕುಡಿದು ಮುಗಿಸಿ, ಆಮೇಲೆ ಮನೆಗೆ ಹೋಗುತ್ತೇನೆ.